ನಿನ್ನ ಬ್ರಾಂಚ್ ಎಲ್ಲಿ ಉಂಟು?

ಕೆಲವು ಮಳೆಗಾಲಗಳ ಹಿಂದಿನ ಮಾತು. ಊರಿಗೆ ಹೋದಾಗ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಅವರ ಮೊಮ್ಮಗ ಫೋನು ಹಿಡಿದು ಕೂತಿದ್ದ. ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ ತಲುಪಿಸುವ ಕೆಲಸ ಅವನದು. ರಜೆಯ ಮೇಲೆ ಬಂದವನಲ್ಲ. ಆ್ಯಪ್ ಅವನ ಐಡಿ ಬ್ಲಾಕ್ ಮಾಡಿ ಹನ್ನೊಂದು ದಿನವಾಗಿತ್ತು. ಯಾಕೆಂದು ಅವನಿಗೆ ಗೊತ್ತಿಲ್ಲ. ಸಹಾಯ ಕೇಳುವ ಗುಂಡಿ ಒತ್ತಿದಾಗಲೆಲ್ಲ ದೂರು ಪರಿಶೀಲನೆಯಲ್ಲಿದೆ ಎಂಬ ಒಂದೇ ಸಾಲು ಬರುತ್ತಿತ್ತು. ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡರು.

"ಇಲ್ಲಿ ಕೂತರೆ ಆಗ್ತದಾ? ಹೋಗಿ ಕೇಳು. ನಿನ್ನ ಬ್ರಾಂಚ್ ಎಲ್ಲಿ ಉಂಟು?"

"ಬ್ರಾಂಚ್ ಎಲ್ಲ ಇಲ್ಲ ಅಜ್ಜಿ."

"ಬ್ರಾಂಚ್ ಇಲ್ಲದೆ ಲೆಕ್ಕ ಯಾರು ಬರೆಯುದು ಹಾಗಾದ್ರೆ?"

ಹುಡುಗ ನಕ್ಕು ಸುಮ್ಮನಾದ. ನನಗೆ ಮಾತ್ರ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ.

ದೊಡ್ಡಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕರಾವಳಿಯಲ್ಲಿ ಬ್ರಾಂಚ್ ಎಂದರೆ ಬ್ಯಾಂಕಿನದಲ್ಲ, ಬೀಡಿಯದು. ರಸ್ತೆ ಬದಿಯ ಒಂದು ಕೋಣೆ, ಒಂದು ತಕ್ಕಡಿ, ಒಂದು ಮೇಜು, ಮೇಜಿನ ಹಿಂದೆ ಕಂಟ್ರಾಕ್ಟರ್. ಅಲ್ಲಿ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಾರೆ. ಮನೆಗೆ ತಂದ ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ತಗಡಿನ ಅಚ್ಚು ಇಟ್ಟು ಕತ್ತರಿಸಬೇಕು. ತೊಡೆಯ ಮೇಲೆ ಮೊರ, ಮೊರದಲ್ಲಿ ಸೊಪ್ಪು. ಚಿಟಿಕೆ ಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು. ಮಾತಾಡುತ್ತಾ, ಮಗುವನ್ನು ಗದರಿಸುತ್ತಾ, ಒಲೆಯ ಮೇಲಿನ ಅನ್ನ ನೋಡುತ್ತಾ ಬೆರಳು ತಾನಾಗಿ ಓಡುತ್ತಿತ್ತು. ಸಂಜೆ ಬ್ರಾಂಚಿಗೆ ಹೋದರೆ ಕಂಟ್ರಾಕ್ಟರ್ ಒಂದು ಕಟ್ಟು ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಸಡಿಲಾಗಿದ್ದರೆ, ಎಲೆ ಹರಿದಿದ್ದರೆ ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದ ಬೀಡಿಗೆ ಕೂಲಿ ಇಲ್ಲ. ಉಳಿದದ್ದು ಪುಸ್ತಕದಲ್ಲಿ ಏರುತ್ತಿತ್ತು. ಆ ಪುಸ್ತಕ ಈಗಲೂ ದೊಡ್ಡಮ್ಮನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಇದೆ.

ಹಾಗೆ ಕಟ್ಟನ್ನು ಎಸೆಯುವ ಆ ಕೈಯ ಬಗ್ಗೆಯೇ ಸುಪ್ರೀಂ ಕೋರ್ಟು ವರ್ಷಾನುಗಟ್ಟಲೆ ತಲೆ ಕೆಡಿಸಿಕೊಂಡಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಕಾರ್ಮಿಕರ ಹಕ್ಕು ಎಂದ ಕೂಡಲೆ ನಾವು ಒಂದು ಪಟ್ಟಿ ಒಪ್ಪಿಸುತ್ತೇವೆ: ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ, ಹೆರಿಗೆ ರಜೆ. ಇವೆಲ್ಲ ಒಂದೇ ಗೂಟಕ್ಕೆ ಕಟ್ಟಿದ ದನಗಳು. ನಾನು ಇಂಥವರ ಕೆಲಸದಲ್ಲಿದ್ದೇನೆ ಎಂಬುದು ಆ ಗೂಟ. ಅದು ಕಿತ್ತುಬಂದರೆ ಹಗ್ಗ ಎಷ್ಟು ಗಟ್ಟಿಯಿದ್ದು ಏನು ಪ್ರಯೋಜನ? ಜಾಣ ಮಾಲೀಕ ಕೂಲಿ ಕಡಿಮೆ ಕೊಡುತ್ತೇನೆ ಎಂದು ಜಗಳಕ್ಕೆ ನಿಲ್ಲುವುದಿಲ್ಲ. ಇವರು ನನ್ನ ಆಳುಗಳೇ ಅಲ್ಲ ಎಂದುಬಿಡುತ್ತಾನೆ. ನಮ್ಮಲ್ಲಿ ಸ್ವಾತಂತ್ರ್ಯಾನಂತರದ ಕಾರ್ಮಿಕ ಮೊಕದ್ದಮೆಗಳ ಒಂದು ದೊಡ್ಡ ಪಾಲು ಈ ಒಂದು ವಾಕ್ಯದ ಮೇಲೆ ನಡೆದ ಜಗಳ.

1956ರಲ್ಲಿ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್‌ನ ಪ್ರಕರಣ ಬಂತು. ಗುಜರಾತಿನ ಕಚ್ಛದ ಚಿಕ್ಕ ರಣದಲ್ಲಿ ಉಪ್ಪು ತೆಗೆಯುವ ಅಗರಿಯಾಗಳು ಇಡೀ ಸಂಸಾರ ಕಟ್ಟಿಕೊಂಡು ಪಾತಿಗಳಲ್ಲಿ ದುಡಿಯುತ್ತಾರೆ. ಅವರಿಗೆ ಹೊತ್ತಿನ ಲೆಕ್ಕವಿಲ್ಲ, ಬೇಕಾದರೆ ತಾವೇ ಆಳು ಇಟ್ಟುಕೊಳ್ಳಬಹುದು. ಇವರು ಸ್ವತಂತ್ರ ಗುತ್ತಿಗೆದಾರರು ಎಂದಿತು ಕಂಪನಿ. ಕೆಲಸದ ಪ್ರತಿ ಹಂತದಲ್ಲೂ ಕಂಪನಿಯ ಮೇಲ್ವಿಚಾರಣೆ, ನಿಯಂತ್ರಣ ಇದೆ, ಆದ್ದರಿಂದ ಇವರು ಕಾರ್ಮಿಕರೇ ಎಂದಿತು ನ್ಯಾಯಾಲಯ. ಏನು ಮಾಡಬೇಕು ಎನ್ನುವುದರ ಜೊತೆಗೆ ಹೇಗೆ ಮಾಡಬೇಕು ಎಂದೂ ಯಾರು ಹೇಳಬಲ್ಲರೋ ಅವರೇ ಯಜಮಾನರು. ಒಳ್ಳೆಯ ಅಳತೆಗೋಲೇ. ಆದರೆ ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸಿಗೆ ಹೇಗೆ ಕಟ್ಟು ಎಂದು ಯಾರು ಹೇಳುತ್ತಾರೆ? ಅವಳ ಚಾವಡಿಗೆ ಯಾವ ಮೇಸ್ತ್ರಿಯೂ ಬರುವುದಿಲ್ಲ.

ಬೀಡಿ ಮಾಲೀಕರ ವಾದವೂ ಅದೇ. ಎಲೆ ಕೊಡುತ್ತೇವೆ, ಬೀಡಿ ಕೊಳ್ಳುತ್ತೇವೆ, ನಡುವೆ ಒಬ್ಬ ಕಂಟ್ರಾಕ್ಟರ್ ಇದ್ದಾನೆ, ಕೇಳುವುದಿದ್ದರೆ ಅವನನ್ನು ಕೇಳಿ. ಮದರಾಸಿನಿಂದ ಹೋದ ದಿವಾನ್ ಮೊಹಿದೀನ್ ಸಾಹಿಬ್ ಪ್ರಕರಣದಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟು ಆ ಕಂಟ್ರಾಕ್ಟರನ ಜೇಬನ್ನೇ ತಡಕಿ ನೋಡಿತು ಎನ್ನಬೇಕು. ಅಲ್ಲಿ ಕಂಡದ್ದು ಕೈಯಲ್ಲಿ ಕಾಸಿಲ್ಲದ ಬಡಪಾಯಿ. ಇವನು ಸ್ವತಂತ್ರ ವ್ಯಾಪಾರಿಯೇನಲ್ಲ, ಮಾಲೀಕನ ಏಜೆಂಟ್, ಒಂದು ಬ್ರಾಂಚಿನ ಮ್ಯಾನೇಜರ್ ಅಷ್ಟೇ ಎಂದು ತೀರ್ಮಾನವಾಯಿತು. ನಮ್ಮೂರ ಹೆಂಗಸರು ಆ ಕೋಣೆಯನ್ನು ಬ್ರಾಂಚ್ ಎಂದು ಕರೆದಾಗ ತೀರ್ಪು ಓದಿ ಕರೆದವರಲ್ಲ. ಆದರೂ ವಿಷಯ ಅವರಿಗೆ ಗೊತ್ತಿತ್ತು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದಿತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಅದು ನೌಕರರೆಂದಿತು, ಕಂಟ್ರಾಕ್ಟರನ ಹಿಂದಿನ ಮೂಲ ಮಾಲೀಕನನ್ನೂ ಜವಾಬ್ದಾರನನ್ನಾಗಿ ಮಾಡಿತು. ಕಾಯ್ದೆಯ ನಿಯಮಗಳು ಬೀಡಿ ತಿರಸ್ಕರಿಸುವುದಕ್ಕೂ ಮಿತಿ ಹಾಕಿದವು. ಉದ್ದಿಮೆಯವರು ಸುಮ್ಮನಿರಲಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ದೆಹಲಿಗೆ ಹೋದವರ ಸಾಲಿನಲ್ಲಿ ಮುಂದಿದ್ದ ಹೆಸರು ನಮ್ಮ ಮಂಗಳೂರು ಗಣೇಶ್ ಬೀಡಿ ವರ್ಕ್ಸ್. 1974ರಲ್ಲಿ ಸಂವಿಧಾನ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಮತ್ತೆ ಪಿಎಫ್ ಬಂದಾಗ ಅದೇ ರಗಳೆ. 1977ರಲ್ಲಿ ಪಿಎಫ್ ಯೋಜನೆ ಬೀಡಿಗೂ ಅನ್ವಯವಾಯಿತು. ಮನೆಯಲ್ಲಿ ಕೂತು ಕಟ್ಟುವವರಿಗೆ ಅದು ಸಲ್ಲದು ಎಂದು ಮಾಲೀಕರ ತಕರಾರು. 1985ರಲ್ಲಿ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಅದೂ ಇತ್ಯರ್ಥವಾಯಿತು. ಕೆಲಸ ಎಲ್ಲಿ ನಡೆಯಿತು, ಎಷ್ಟು ಹೊತ್ತಿಗೆ ನಡೆಯಿತು ಎಂಬುದು ಮುಖ್ಯವಲ್ಲ. ಮಾಡಿ ತಂದ ಬೀಡಿಯನ್ನು ಬೇಡವೆಂದು ಎಸೆಯುವ ಅಧಿಕಾರ ಯಾರಿಗಿದೆಯೋ ನಿಯಂತ್ರಣ ಅವರ ಕೈಯಲ್ಲಿದೆ ಎಂಬುದು ಅಲ್ಲಿನ ತರ್ಕ. ಆಂಧ್ರದ ಒಂದು ಟೈಲರಿಂಗ್ ಅಂಗಡಿಯ, ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸಿನ ಪ್ರಕರಣದಲ್ಲಿ 1973ರಲ್ಲೇ ಇದರ ಎಳೆ ಸಿಕ್ಕಿತ್ತು. ಅಲ್ಲಿನ ದರ್ಜಿಗಳು ಮನಸ್ಸು ಬಂದಾಗ ಬರುತ್ತಿದ್ದರು, ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು, ಬೇರೆ ಅಂಗಡಿಗೂ ಹೊಲಿಯಬಹುದಿತ್ತು. ಆದರೆ ಹೊಲಿದದ್ದು ಸರಿಯಿಲ್ಲ ಎಂದು ಮತ್ತೆ ಬಿಚ್ಚಿ ಹೊಲಿಸುವ ಹಕ್ಕು ಅಂಗಡಿಯವನದು. ಹಾಗಾಗಿ ಅವರು ನೌಕರರೇ.

ವಕೀಲರು ಇದಕ್ಕೆ ಏನು ಹೆಸರಿಟ್ಟರೂ ನನಗೆ ಇದು 'ಎಸೆಯುವ ಕೈ' ಎಂದೇ ನೆನಪು. ಯಜಮಾನನನ್ನು ಹುಡುಕಬೇಕೆ? ಕೂಲಿ ಕೊಡುವ ಕೈಯನ್ನು ನೋಡಬೇಡಿ, ಅದನ್ನು ಯಾರ ಕೈಯಲ್ಲೂ ಕೊಡಿಸಬಹುದು. ನಿಮ್ಮ ಕೆಲಸವನ್ನು ಬೇಡವೆಂದು ಎಸೆಯಬಲ್ಲ ಕೈ ಯಾವುದು ನೋಡಿ.

ಬೆಂಗಳೂರಿನಿಂದಲೇ ಹೊರಟ ಒಂದು ಪ್ರಸಿದ್ಧ ಜಗಳವನ್ನೂ ಹೇಳಬೇಕು. ನಗರದ ನೀರು ಸರಬರಾಜು ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತು. ಅವರು ಕಾರ್ಮಿಕ ಕಾನೂನಿನಡಿ ದೂರು ಕೊಟ್ಟರು. ನಾವು ಕೈಗಾರಿಕೆಯೇ ಅಲ್ಲ, ಜನರಿಗೆ ನೀರು ಕೊಡುವವರು, ಆ ಕಾನೂನು ನಮಗೆ ಸಲ್ಲದು ಎಂದಿತು ಮಂಡಳಿ. ಕೆಲವರ ದಂಡದ ತಕರಾರು ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಬೆಳೆಯಿತು. 1978ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಮುಖ್ಯ ತೀರ್ಪು ಬರೆದರು. ಮಾಲೀಕ ಮತ್ತು ನೌಕರರ ಸಹಕಾರದಿಂದ, ವ್ಯವಸ್ಥಿತವಾಗಿ, ಜನರಿಗೆ ಬೇಕಾದ ಸರಕು ಅಥವಾ ಸೇವೆ ಒದಗಿಸುವ ಕೆಲಸ ಕೈಗಾರಿಕೆಯೇ, ಲಾಭದ ಮಾತೇ ಬೇಡ ಎಂದರು. ಆಸ್ಪತ್ರೆ, ವಿದ್ಯಾಸಂಸ್ಥೆ, ಕ್ಲಬ್ಬುಗಳೂ ಅದರ ಅಡಿ ಬಂದವು. ಅದೇ ವರ್ಷ ಕಲ್ಲಿಕೋಟೆಯ ಒಂದು ಹಗ್ಗದ ಕಾರ್ಖಾನೆಯ ಪ್ರಕರಣದಲ್ಲಿ, ನಡುವೆ ಎಷ್ಟು ಮಂದಿ ಗುತ್ತಿಗೆದಾರರನ್ನು ನಿಲ್ಲಿಸಿದರೂ ತೆರೆ ಸರಿಸಿ ಹಿಂದಿರುವ ನಿಜವಾದ ಮಾಲೀಕನನ್ನು ನೋಡಬೇಕು ಎಂದೂ ಅವರೇ ಬರೆದರು.

ಆಮೇಲಿನ ಕಾಲ ಬೇರೆ. ತೆರೆ ಸರಿಸುವ ಉಮೇದು ನ್ಯಾಯಾಲಯಗಳಿಗೂ ಕಡಿಮೆಯಾಯಿತು. ಗುತ್ತಿಗೆ ಪದ್ಧತಿ ರದ್ದಾದರೂ ಕಾರ್ಮಿಕರು ತಾವಾಗಿ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ ಎಂದು 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ತೀರ್ಪಾಯಿತು. ಗುತ್ತಿಗೆ ಬರೀ ನಾಟಕ ಎಂದು ಸಾಬೀತು ಮಾಡುವ ಹೊರೆ ಕಾರ್ಮಿಕನ ತಲೆಗೆ ಬಂತು. ತಿಂಗಳ ಕೂಲಿಗೇ ಪರದಾಡುವವನು ನಾಟಕವನ್ನು ಸಾಬೀತು ಮಾಡುವುದು ಹೇಗೆ?

ಪೌರಕಾರ್ಮಿಕರನ್ನು ನೋಡಿ. ಬೆಂಗಳೂರಿನಲ್ಲಿ ಬೆಳಿಗ್ಗೆ ಆರೂವರೆಗೆ ಮಸ್ಟರಿಂಗ್ ಜಾಗದಲ್ಲಿ ಹಾಜರಿ. ಹೆಚ್ಚಿನವರು ಹೆಂಗಸರು, ದಲಿತರು. ಬಹುಕಾಲ ಅವರು ಕಂಟ್ರಾಕ್ಟರನ ಆಳುಗಳಾಗಿದ್ದರು. ಟೆಂಡರ್ ಮುಗಿದರೆ ಕಂಟ್ರಾಕ್ಟರ್ ಬದಲಾಗುತ್ತಾನೆ. ಬೀದಿ ಅದೇ, ಪೊರಕೆ ಅದೇ, ಗುಡಿಸುವಾಕೆ ಅವಳೇ. ಆದರೆ ಕಾಗದದ ಮೇಲೆ ಅವಳು ಇವತ್ತು ಸೇರಿದ ಹೊಸಬಳು. ಗ್ರಾಚ್ಯುಟಿಗೆ ಐದು ವರ್ಷ ಸತತ ಸೇವೆ ಬೇಕು. ಹೀಗೆ ಟೆಂಡರಿಗೊಮ್ಮೆ ಹುಟ್ಟುವವಳಿಗೆ ಐದು ವರ್ಷ ತುಂಬುವುದೆಲ್ಲಿ? ಹಿಂದಿನ ಕಂಟ್ರಾಕ್ಟರ್ ಕೂಲಿಯಿಂದ ಮುರಿದುಕೊಂಡ ಪಿಎಫ್ ಕಟ್ಟಿದನೋ ಇಲ್ಲವೋ ಎಂದು ಕೇಳಲು ಹೋದರೆ ಅವನ ಆಫೀಸಿಗೆ ಬೀಗ. ಪಾಲಿಕೆಗೆ ಹೋದರೆ, ನೀವು ನಮ್ಮವರಲ್ಲ. ಮಳೆ ಬಂದು ರಾಜಕಾಲುವೆ ಉಕ್ಕಿದ ದಿನ ಮಾತ್ರ ಅವರು ಪಾಲಿಕೆಯ ಹೆಮ್ಮೆಯ ಸಿಬ್ಬಂದಿ.

ವರ್ಷಗಳ ಹೋರಾಟದ ಮೇಲೆ 2018ರ ಹೊತ್ತಿಗೆ ಕಂಟ್ರಾಕ್ಟರನನ್ನು ಬಿಟ್ಟು ಪಾಲಿಕೆಯೇ ಅವರ ಖಾತೆಗೆ ನೇರವಾಗಿ ದುಡ್ಡು ಹಾಕತೊಡಗಿತು. 2022ರ ಜುಲೈನಲ್ಲಿ ಕಾಯಂ ಮಾಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಕೂತರು. ಕಸ ಬೀದಿಯಲ್ಲಿ ಕೊಳೆಯುತ್ತಿದ್ದಂತೆ ಸರ್ಕಾರ ಒಪ್ಪಿತು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಒಂದು ಹಾಳೆ ಕಾಗದ. ಮೇಲೆ ಮಾಲೀಕನ ಹೆಸರು, ಕೆಳಗೆ ಅವಳ ಹೆಸರು. ಇಷ್ಟಕ್ಕೆ ಒಂದು ತಲೆಮಾರು ಹಿಡಿಯಿತು. ಮನೆ ಮನೆಯಿಂದ ಕಸ ಎತ್ತುವ ಆಟೋದವರು, ಲೋಡರುಗಳು ಆ ಸಾಲಿನಲ್ಲಿ ಇರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮುಖ ಮರೆಸಿಕೊಳ್ಳುವ ವಿದ್ಯೆಯಲ್ಲಿ ಖಾಸಗಿಯವರು ಸರ್ಕಾರದ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಎಂಬತ್ತರ ದಶಕದಿಂದ ದಿನಗೂಲಿಯಲ್ಲಿದ್ದವರು ಕಾಯಂ ಮಾಡಿ ಎಂದು ಕೇಳಿದ್ದು ದೇಶಕ್ಕೇ ಅನ್ವಯವಾಗುವ ತೀರ್ಪಾಯಿತು. 2006ರ ಉಮಾದೇವಿ ಪ್ರಕರಣ ಅದು. ನಿಯಮದಂತೆ ನೇಮಕವಾಗದವರಿಗೆ ಎಷ್ಟೇ ವರ್ಷ ದುಡಿದರೂ ಕಾಯಮಾತಿ ಹಕ್ಕಲ್ಲ ಎಂದಿತು ಸಂವಿಧಾನ ಪೀಠ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಕಳೆದವರಿಗೆ ಒಂದು ಸಲದ ವಿನಾಯಿತಿ ಇಟ್ಟಿತು. ಹಿಂಬಾಗಿಲ ನೇಮಕ ತಡೆಯುವ ಉದ್ದೇಶ ಒಪ್ಪತಕ್ಕದ್ದೇ. ಆದರೆ ಇಲಾಖೆಗಳು ವಿನಾಯಿತಿಯನ್ನು ಮರೆತು ನಿರಾಕರಣೆಯನ್ನಷ್ಟೇ ಬಾಯಿಪಾಠ ಮಾಡಿಕೊಂಡವು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ದುರ್ಬಳಕೆಗೆ ಛೀಮಾರಿ ಹಾಕಿತು.

ಇನ್ನು ಗೌರವಧನ. ಈ ಪದ ಹುಟ್ಟಿಸಿದವರು ಯಾರೋ, ಭಲೇ ಚತುರರು. ಅಂಗನವಾಡಿಯಲ್ಲಿ ದುಡಿಯುವವರು ನೌಕರರಲ್ಲ, ಕಾರ್ಯಕರ್ತೆಯರು. ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಸಂಬಳವಾದರೆ ಕನಿಷ್ಠ ಇಷ್ಟು ಎಂದು ಕೇಳಬಹುದು. ಗೌರವಕ್ಕೆ ಕನಿಷ್ಠ ದರ ಉಂಟೇ? 2006ರ ಕೊನೆಗೆ ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲ ಎಂದಾಯಿತು. 2022ರಲ್ಲಿ ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಅವರಿಗೆ ಗ್ರಾಚ್ಯುಟಿ ಸಲ್ಲುತ್ತದೆ ಎಂದಿತು. ನೌಕರರಲ್ಲ, ಆದರೆ ನೌಕರಿ ಬಿಟ್ಟಾಗಿನ ಇಡುಗಂಟು ಇದೆ. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನ ನೆಲದ ಮೇಲೆ ನಾಲ್ಕು ದಿನ ಮಲಗಿ ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಪಡೆದದ್ದೂ ಈ ಗೌರವದ ಲೆಕ್ಕದಲ್ಲೇ.

ಗೌರವಧನದ ಕಾರ್ಪೊರೇಟ್ ತಂಗಿಯ ಹೆಸರು ಪಾರ್ಟ್ನರ್. ಡೆಲಿವರಿ ಪಾರ್ಟ್ನರ್, ಡ್ರೈವರ್ ಪಾರ್ಟ್ನರ್. ಕನ್ನಡದಲ್ಲಿ ಪಾಲುದಾರ ಎಂದರೆ ಗದ್ದೆಯಲ್ಲೋ ಅಂಗಡಿಯಲ್ಲೋ ಪಾಲಿರುವವನು. ನಮ್ಮ ಹುಡುಗನಿಗೆ ಇದ್ದ ಪಾಲು ಬೈಕಿನ ಕಂತು, ಪೆಟ್ರೋಲು, ಮಳೆ. ಯಾವಾಗ ಬೇಕಾದರೂ ಲಾಗಿನ್ ಆಗು, ಯಾವಾಗ ಬೇಕಾದರೂ ಬಿಡು, ನೀನು ಸ್ವತಂತ್ರ ಎನ್ನುತ್ತದೆ ಆ್ಯಪ್. ಬೀಡಿ ಮಾಲೀಕರು ಅರುವತ್ತು ವರ್ಷದ ಹಿಂದೆ ಹೇಳಿದ್ದು ಇದನ್ನೇ ಅಲ್ಲವೆ? ಆದರೆ ದರ ನಿಗದಿ ಮಾಡುವುದು ಆ್ಯಪ್, ಯಾವ ಆರ್ಡರ್ ಯಾರಿಗೆ ಎಂದು ಹಂಚುವುದು ಆ್ಯಪ್, ದಾರಿ ತೋರಿಸುವುದೂ ಆ್ಯಪ್. ಬಿಸಿ ಆರಿದ ದೋಸೆಗೆ ಸಿಟ್ಟಾದ ಗಿರಾಕಿ ಒಂದು ನಕ್ಷತ್ರ ಒತ್ತಿದರೆ ರೇಟಿಂಗ್ ಇಳಿಯುತ್ತದೆ, ಇಳಿದರೆ ಆರ್ಡರ್ ಕಡಿಮೆ, ಇನ್ನೂ ಇಳಿದರೆ ಐಡಿ ಬ್ಲಾಕ್. ಅಂದು ಕಂಟ್ರಾಕ್ಟರ್ ಎಸೆಯುತ್ತಿದ್ದದ್ದು ಕಟ್ಟನ್ನು. ಇಲ್ಲಿ ಕಟ್ಟಿದವನನ್ನೇ ಎಸೆಯುತ್ತಾರೆ, ಎಸೆದ ಕೈ ಕಾಣುವುದಿಲ್ಲ.

ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರನ್ನು ಕಾರ್ಮಿಕರೆಂದು ಒಪ್ಪಿತು. ಕರಾರಿನ ಮಾತಿಗಿಂತ ರೇಟಿಂಗಿನ ಹಿಡಿತವನ್ನು ಅದು ಹೆಚ್ಚು ಗಂಭೀರವಾಗಿ ತೆಗೆದುಕೊಂಡಿತು. ನಮ್ಮಲ್ಲಿ ಶಾಸನಗಳು ಬೇರೆ ದಾರಿ ಹಿಡಿದಿವೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು ಹೆಸರಿಸುತ್ತದೆ, ಆದರೆ ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ಇರುವವರು ಎಂದೇ ಅವರ ವ್ಯಾಖ್ಯಾನ. ಅಂದರೆ ಗೂಟ ಕೊಡುವುದಿಲ್ಲ, ಒಂದಿಷ್ಟು ಹುಲ್ಲು ಹಾಕುತ್ತೇವೆ. ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ನಿಧಿಗೆ ಕೊಡಬೇಕು. ನೀತಿ ಆಯೋಗದ 2022ರ ವರದಿಯ ಅಂದಾಜಿನಲ್ಲಿ 2020–21ರಲ್ಲಿ ದೇಶದಲ್ಲಿ ಇಂಥ ಕಾರ್ಮಿಕರು 77 ಲಕ್ಷ. 2029–30ಕ್ಕೆ ಅದು 2.35 ಕೋಟಿ ಮುಟ್ಟುತ್ತದೆ. ಇಷ್ಟು ಜನರನ್ನು ಸಂಬಂಧದ ಹೊರಗೆ ಎಂದು ಬರೆಯಲು ಒಂದು ವಾಕ್ಯ ಸಾಕಾಯಿತು.

ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಯಿತು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಇಲ್ಲಿಯೂ ನೌಕರ ಎಂಬ ಪದ ಸಿಗಲಿಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಕಲ್ಯಾಣ ನಿಧಿಗಾಗಿ ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಹಾಕುವ ಶೇ 1ರಿಂದ 5ರವರೆಗಿನ ಶುಲ್ಕವಲ್ಲ. ಕೆಲಸದಿಂದ ತೆಗೆಯುವ ಮುಂಚೆ ಕಾರಣವನ್ನು ಬರೆದು ಹದಿನಾಲ್ಕು ದಿನ ಮೊದಲೇ ತಿಳಿಸಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ದೂರು ಹೇಳಿಕೊಳ್ಳಲು ಮನುಷ್ಯರು ಇರಬೇಕು. ದೊಡ್ಡಮ್ಮನ ಭಾಷೆಯಲ್ಲಿ ಹೇಳುವುದಾದರೆ, ಬ್ರಾಂಚ್ ತೆರೆಯಬೇಕು. ತೆರೆದ ಬ್ರಾಂಚಿನಲ್ಲಿ ಯಾರು ಕೂರುತ್ತಾರೆ, ಕೂತವರಿಗೆ ಎಷ್ಟು ಅಧಿಕಾರ ಎಂಬುದೇ ಇನ್ನು ನೋಡಬೇಕಾದ್ದು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾನೂನುಗಳು ಅವುಗಳಲ್ಲಿ ಕರಗಿದವು. 1966ರ ಬೀಡಿ ಕಾಯ್ದೆ, 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಗಳೂ ಅದರೊಳಗೇ ಹೋದವು. ಗುತ್ತಿಗೆಯ ನಿಯಮ ಮೊದಲು 20 ಆಳುಗಳಿದ್ದಲ್ಲಿಗೆ ಅನ್ವಯವಾಗುತ್ತಿತ್ತು, ಈಗ 50. ನಲವತ್ತೊಂಬತ್ತು ಜನರ ಗುತ್ತಿಗೆಗಳು ಇನ್ನು ಮೇಲೆ ಹೆಚ್ಚಾಗುತ್ತವೆ ಎಂದು ಹೇಳಲು ಜ್ಯೋತಿಷ್ಯ ಬೇಡ. ನಿಗದಿತ ಅವಧಿಗೆ ನೇಮಕವಾದ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಎಂಬುದು ಒಳ್ಳೆಯದೇ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕಡ್ಡಾಯ ಎಂಬುದು ಅದಕ್ಕಿಂತ ದೊಡ್ಡದು, ನಿಜಕ್ಕೂ ಕೊಟ್ಟರೆ. ಎಷ್ಟೋ ಅಂಗಡಿ, ಶಾಲೆ, ನರ್ಸಿಂಗ್ ಹೋಮುಗಳಲ್ಲಿ ಹತ್ತು ವರ್ಷ ದುಡಿದವರ ಹತ್ತಿರ ತಾವು ಅಲ್ಲಿ ದುಡಿದದ್ದಕ್ಕೆ ದೀಪಾವಳಿಯ ಗ್ರೂಪ್ ಫೋಟೋ ಬಿಟ್ಟರೆ ಬೇರೆ ಪುರಾವೆ ಇಲ್ಲ. ಅಂಥವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ: ಸಂಬಳ ಖಾತೆಗೆ ಹಾಕಿಸಿಕೊಳ್ಳಿ, ಹಾಜರಿ ಪುಸ್ತಕದ ಪುಟ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ರಜೆ ಕೇಳಿದ ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ, ಪಿಎಫ್ ಮುರಿಯುತ್ತಿದ್ದರೆ ಯುಎಎನ್ ನಂಬರ್ ಕೇಳಿ ಖಾತೆ ತೆಗೆದು ನೋಡಿ. ಮಾಲೀಕ ಒಳ್ಳೆಯವನಾದರೂ ಸರಿ.

ದೊಡ್ಡಮ್ಮ ಟ್ರಂಕಿನ ಪುಸ್ತಕವನ್ನು ಆ ಮಳೆಗಾಲದಲ್ಲಿ ಮೊಮ್ಮಗನಿಗೆ ತೆಗೆದು ತೋರಿಸಿದರು. ರಟ್ಟಿನ ಮೂಲೆಗಳು ಜಿರಳೆ ತಿಂದು ಸವೆದಿದ್ದವು. ಒಳಗೆ ನೀಲಿ ಶಾಯಿಯಲ್ಲಿ ತಾರೀಕು, ಎಲೆಯ ತೂಕ, ತಂದ ಬೀಡಿ, ಎಸೆದ ಬೀಡಿ, ಕೂಲಿ. ಐವತ್ತೆಂಟು ತುಂಬಿದಾಗ ಆ ಲೆಕ್ಕದ ಆಧಾರದ ಮೇಲೆ ಮಂಗಳೂರಿನ ಪಿಎಫ್ ಕಚೇರಿಗೆ ನಾಲ್ಕು ಸಲ ಅಲೆದು ಪಿಂಚಣಿ ಮಾಡಿಸಿಕೊಂಡವರು ಅವರು. ತಿಂಗಳಿಗೆ ಸಾವಿರ ರೂಪಾಯಿ. 2014ರಿಂದ ಆ ಯೋಜನೆಯ ಕನಿಷ್ಠ ಮೊತ್ತ ಅಷ್ಟೇ, ಈಗಲೂ ಅಷ್ಟೇ. ಮಾತ್ರೆಗೂ ಸಾಲುವುದಿಲ್ಲ. ಆದರೂ ತಿಂಗಳ ಮೊದಲ ವಾರ ಬ್ಯಾಂಕಿನ ಸಂದೇಶ ಬಂದಾಗ ಮೊಮ್ಮಗನ ಹತ್ತಿರ ಓದಿಸಿ, "ಕಂಪನಿಯದ್ದು ಬಂತು" ಎನ್ನುತ್ತಾರೆ. ಆ ಕಂಪನಿಯ ಧಣಿಯನ್ನು ಅವರು ಒಮ್ಮೆಯೂ ಕಂಡದ್ದಿಲ್ಲ.